ಸುಶಿ ಅಂಗಡಿಯ ‘ನಿಗಿರಿ’ಗೆ ‘ತುತ್ತು’ ಎನ್ನಬಹುದೇ? ‘ಶರಿ’ಗೂ ನಮ್ಮ ‘ಶಾಲಿ’ಗೂ ನಂಟುಂಟೇ?

ಪದಾಸಕ್ತರೆಲ್ಲರಿಗೂ ನಮಸ್ಕಾರ.

ಟೋಕಿಯೋದ ಪೂರ್ವಭಾಗದಲ್ಲಿ, ಭಾರತೀಯರು ಹೆಚ್ಚಾಗಿ ನೆಲೆಸಿರುವ ನಿಶಿಕಸಾಯಿಯಲ್ಲಿ ನಾನು ಕೆಲವು ವರ್ಷಗಳಿಂದ ವಾಸವಾಗಿದ್ದೇನೆ. ನಮ್ಮ ಬೀದಿಯ ತಿರುವಿನಲ್ಲಿ ಎಂಟೇ ಜನ ಕೂರಬಹುದಾದ, ಹುಳಿ ಬೆರೆಸಿದ ಅನ್ನದ ಜಪಾನಿ ತಿನಿಸಾದ ಸುಶಿಯ ಅಂಗಡಿಯೊಂದಿದೆ. ವಯಸ್ಸಾದ ದಂಪತಿಗಳಿಬ್ಬರೇ ನಡೆಸುವ ಆ ಅಂಗಡಿಗೆ, ಊರಿನಿಂದ ಬಂದಿದ್ದ ನಮ್ಮ ತಾಯಿಯವರನ್ನು ಕಳೆದ ತಿಂಗಳು ಕರೆದುಕೊಂಡು ಹೋಗಿದ್ದೆ. ಅವರು ಸಸ್ಯಾಹಾರಿಗಳಾದ್ದರಿಂದ ಸೌತೆಕಾಯಿ ಇಟ್ಟು ಸುತ್ತಿದ ಕಪ್ಪಾಮಕಿಯೊಂದನ್ನೇ ತಿಂದರು. ಒಣಗಿಸಿದ ಸೋರೆಕಾಯಿಯ ಎಳೆಗಳನ್ನು ಬೇಯಿಸಿ ಸುತ್ತುವ ಕನ್ಪ್ಯೋಮಕಿಯನ್ನೂ ಕೊಡಿಸಬಹುದಿತ್ತು, ಆದರೆ ಅದನ್ನು ಬೇಯಿಸುವ ಸಾರಿನಲ್ಲಿ ಮೀನಿನ ಚೂರು ಬಿದ್ದಿರುತ್ತದೆ. ತಿನ್ನುವುದಕ್ಕಿಂತ ಹೆಚ್ಚಾಗಿ ಅವರು ನೋಡಿದರು, ಕೇಳಿದರು. ಅವರ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರಿಸಲು ಹೋದಾಗ ನನಗೆ ಸರಿಯಾದ ಪದಗಳು ಒದಗಲಿಲ್ಲ. ಆ ಪ್ರಶ್ನೆಗಳನ್ನೇ ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲಿಗೆ ‘ಸುಶಿ’ ಎಂಬ ಪದವನ್ನೇ ನೋಡೋಣ. ಪತ್ರಿಕೆಗಳಲ್ಲಿ ಇದನ್ನು ‘ಸುಷಿ’ ಎಂದೂ ‘ಸೂಶಿ’ ಎಂದೂ ಬರೆದಿರುವುದನ್ನು ಕಂಡಿದ್ದೇನೆ. ಜಪಾನಿಯರ ಬಾಯಲ್ಲಿ ಎರಡು ಸ್ವರಗಳೂ ಹ್ರಸ್ವವೇ, ನಡುವಿನ ವ್ಯಂಜನ ತಾಲವ್ಯವೇ. ಆದ್ದರಿಂದ ತಾಲವ್ಯ ಶಕಾರವಿರುವ ‘ಸುಶಿ’ಯೇ ಸರಿಯೆಂದು ನನ್ನ ಅಭಿಪ್ರಾಯ. ಅರ್ಥದ ವಿಷಯಕ್ಕೆ ಬಂದರೆ, ‘ಸುಶಿ ಎಂದರೆ ಹಸಿ ಮೀನು’ ಎಂದು ನಮ್ಮವರಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಹಸಿ ಮೀನಿನ ಹೋಳುಗಳಿಗೆ ‘ಸಶಿಮಿ’ ಎಂಬ ಬೇರೆಯೇ ಹೆಸರಿದೆ. ‘ಸುಶಿ’ ಎಂಬುದು ‘ಹುಳಿಯಾದ’ ಎಂಬ ಅರ್ಥದ ಹಳೆಯ ಜಪಾನಿ ಗುಣವಾಚಕ. ಉಪ್ಪು ಹಾಕಿದ ಮೀನನ್ನು ಅನ್ನದಲ್ಲಿ ಹುದುಗಿಸಿ ತಿಂಗಳುಗಟ್ಟಲೆ ಇಟ್ಟು, ಹುಳಿ ಬಂದ ಮೇಲೆ ಅನ್ನವನ್ನು ಎಸೆದು ಮೀನನ್ನು ಮಾತ್ರ ತಿನ್ನುವ ಪದ್ಧತಿಯಿಂದ ಆ ಹೆಸರು ಬಂದಿದೆ. ಬಿವಾ ಸರೋವರದ ಸುತ್ತಮುತ್ತ ‘ಫುನಾಜುಶಿ’ ಎಂಬ ಹೆಸರಿನಲ್ಲಿ ಅದು ಇಂದಿಗೂ ಉಳಿದಿದೆ. ದೋಸೆಹಿಟ್ಟಿನ ಬಗ್ಗೆ ನಾವು ‘ಹುಳಿ ಬಂತು’ ಎನ್ನುತ್ತೇವಲ್ಲ, ಅದೇ ಹುಳಿ ಅದು. ಮುಂದೆ ತಿಂಗಳುಗಟ್ಟಲೆ ಕಾಯುವ ಬದಲು ಅನ್ನಕ್ಕೇ ವಿನೆಗರ್ ಬೆರೆಸುವ ರೂಢಿ ಬಂದಿತು. 1804ರಲ್ಲಿ ಹಾಂಡಾ ಎಂಬ ಊರಿನ ನಕಾನೊ ಮತಾಜಾಎಮೊನ್ ಎಂಬವರು ಸಾಕೆ ಮದ್ಯದ ಗಷ್ಟಿನಿಂದ ವಿನೆಗರ್ ತಯಾರಿಸತೊಡಗಿದರು. ಅದು ಎಡೊ ನಗರದ, ಎಂದರೆ ಇಂದಿನ ಟೋಕಿಯೋದ ಸುಶಿ ಅಂಗಡಿಗಳಿಗೆ ಒದಗಿತು.

ಹೀಗೆ ರುಚಿಯ ಹೆಸರೇ ತಿನಿಸಿನ ಹೆಸರಾಗುವುದು ನಮಗೆ ಹೊಸದಲ್ಲ. ನಮ್ಮ ಮನೆಗಳಲ್ಲಿ ‘ಹುಳಿ’ ಎಂದರೆ ರುಚಿಯೂ ಹೌದು, ಅನ್ನಕ್ಕೆ ಕಲಸಿಕೊಳ್ಳುವ ಪದಾರ್ಥವೂ ಹೌದು. ‘ಪುಳಿಯೋಗರೆ’ಯನ್ನು ಬಿಡಿಸಿದರೆ ಪುಳಿ ಮತ್ತು ಓಗರ, ಅಂದರೆ ಹುಳಿಯ ಅನ್ನವೇ ಆಗುತ್ತದೆ. ಅಂಗಡಿಯ ಯಜಮಾನರು ಮರದ ಅಗಲವಾದ ತೊಟ್ಟಿಯಲ್ಲಿ ಬಿಸಿ ಅನ್ನವನ್ನು ಹರವಿ, ವಿನೆಗರ್, ಉಪ್ಪು, ಸಕ್ಕರೆಗಳ ಮಿಶ್ರಣವನ್ನು ಸುರಿದು, ಬೀಸಣಿಗೆಯಿಂದ ಗಾಳಿ ಹಾಕುತ್ತಾ ಅಗುಳು ಮುರಿಯದಂತೆ ಮರದ ಸಟ್ಟುಗದಿಂದ ಬಿಡಿಸುತ್ತಿದ್ದುದನ್ನು ನೋಡಿ ತಾಯಿಯವರು, “ನಾವು ಗೊಜ್ಜು ಕಲಸೋಕೆ ಮುಂಚೆ ಅನ್ನ ಆರಹಾಕೋದೂ ಹೀಗೇ ತಾನೆ?” ಎಂದರು. ಅವರಿಗೆ ಸುಶಿ ಎಂದರೇನು ಎಂಬುದು ಆ ಒಂದು ನೋಟದಲ್ಲೇ ತಿಳಿದುಹೋಯಿತು.

ಇನ್ನು ನನ್ನ ಮುಖ್ಯ ಪ್ರಶ್ನೆ. ಹಿಡಿಯಲ್ಲಿ ಒತ್ತಿದ ಅನ್ನದ ಮೇಲೆ ಮೀನಿನ ಹೋಳನ್ನಿಟ್ಟು ಕೊಡುವ ಬಗೆಗೆ ‘ನಿಗಿರಿ’ ಎಂದು ಹೆಸರು. 1820ರ ದಶಕದಲ್ಲಿ ಎಡೊ ನಗರದಲ್ಲಿ ಇದನ್ನು ರೂಢಿಗೆ ತಂದ ಕೀರ್ತಿಯನ್ನು ಸಾಮಾನ್ಯವಾಗಿ ಹನಾಯಾ ಯೊಹೆಯಿ ಎಂಬವರಿಗೆ ಕೊಡುತ್ತಾರೆ. ‘ನಿಗಿರು’ ಎಂಬ ಧಾತುವಿಗೆ ಮುಷ್ಟಿಯಲ್ಲಿ ಹಿಡಿ, ಅದುಮು ಎಂಬ ಅರ್ಥಗಳಿವೆ. ಇದಕ್ಕೆ ‘ಅನ್ನದ ಉಂಡೆ’ ಎನ್ನುವುದು ಸುಲಭ, ಆದರೆ ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಅನ್ನವನ್ನು ಕೈಯಲ್ಲಿ ಒತ್ತಿ ಉಂಡೆ ಮಾಡಿ ಇಡುವುದೆಂದರೆ ನಮ್ಮ ಮನೆಗಳಲ್ಲಿ ಕಣ್ಣ ಮುಂದೆ ಬರುವುದು ಶ್ರಾದ್ಧದ ಪಿಂಡ. ಊಟದ ಮಾತಿನಲ್ಲಿ ಆ ನೆನಪು ಸಲ್ಲದು. ಉತ್ತರ ಕರ್ನಾಟಕದಲ್ಲಿ ಬಿಸಿ ಜೋಳದ ರೊಟ್ಟಿಗೆ ಬೆಳ್ಳುಳ್ಳಿ, ಖಾರ ಸೇರಿಸಿ ಕುಟ್ಟಿ ಹಿಡಿಯಲ್ಲಿ ಅದುಮುವ ‘ಮುಟಗಿ’ ಇದೆ. ಅದು ಮುಷ್ಟಿ ಎಂಬ ಅರ್ಥದ ‘ಮುಟಿಗೆ’ಯಿಂದಲೇ ಬಂದಿದ್ದರೆ, ಧಾತ್ವರ್ಥದ ದೃಷ್ಟಿಯಿಂದ ‘ನಿಗಿರಿ’ಗೆ ಅದಕ್ಕಿಂತ ಹತ್ತಿರದ ಪದ ಇರಲಾರದು. ಆದರೆ ಆ ಹೆಸರು ಈಗಾಗಲೇ ಒಂದು ತಿನಿಸಿಗೆ ಅಂಟಿಕೊಂಡಿದೆ.

ಹಾಗಾಗಿ ತಾಯಿಯವರೇ ಆಡಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ಯಜಮಾನರು ವಿನೆಗರ್ ಬೆರೆತ ನೀರಿನಲ್ಲಿ ಬೆರಳು ಅದ್ದಿ, ಬಲಗೈಯಲ್ಲಿ ಒಂದು ಹಿಡಿಗಿಂತಲೂ ಕಡಿಮೆ ಅನ್ನ ತೆಗೆದುಕೊಂಡು, ಎಡಗೈಯಲ್ಲಿದ್ದ ಮೀನಿನ ಹೋಳಿಗೆ ತೋರುಬೆರಳಿನಿಂದ ವಸಾಬಿ ಎಂಬ ಖಾರದ ಹಸಿರು ಮುದ್ದೆಯನ್ನು ಸವರಿ, ಅದರ ಮೇಲೆ ಅನ್ನವಿಟ್ಟು, ಒತ್ತಿ, ಮಗುಚಿ, ಮತ್ತೊಮ್ಮೆ ಒತ್ತಿ ನನ್ನ ಮುಂದಿನ ಮರದ ಮಣೆಯ ಮೇಲೆ ಇಟ್ಟರು. ನಾನು ಅದನ್ನು ಕೈಯಿಂದಲೇ ಎತ್ತಿ ಬಾಯಿಗೆ ಹಾಕಿಕೊಂಡ ಮೇಲೆಯೇ ಮುಂದಿನದಕ್ಕೆ ಕೈ ಹಾಕಿದರು. ಅನ್ನವಿನ್ನೂ ಕೈಬಿಸಿಯಷ್ಟು ಬೆಚ್ಚಗಿತ್ತು. ತಾಯಿಯವರು, “ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಕೈತುತ್ತು ಹಾಕ್ತಿದ್ದ ಹಾಗೇ ಇದೆಯಲ್ಲೋ ಇದು” ಎಂದರು. ಒಬ್ಬರ ಕೈ ಕಟ್ಟಿದ್ದು, ಇನ್ನೊಬ್ಬರ ಒಂದು ಬಾಯಿಗೆ ಆಗುವಷ್ಟು, ಸರದಿಯಂತೆ ಬರುವುದು: ಈ ಮೂರು ಲಕ್ಷಣಗಳೂ ‘ಕೈತುತ್ತಿ’ನಲ್ಲಿವೆ. ‘ಎರಡು ತುತ್ತು ಬಂಗಡೆ’, ‘ಒಂದು ತುತ್ತು ಸೀಗಡಿ’ ಎಂದು ಎಣಿಸಲೂ ಬರುತ್ತದೆ. ಜಪಾನಿಯಲ್ಲಿಯೂ ಸುಶಿಯನ್ನು ಎಣಿಸಲು ‘ಕನ್’ ಎಂಬ ಪ್ರತ್ಯೇಕ ಪದವೇ ಇದೆ. ಆದರೆ ‘ಕೈತುತ್ತು’ ಎಂಬಲ್ಲಿ ತಾಯಿ ಮಕ್ಕಳ ಸಲಿಗೆ ಇದೆ, ಅದನ್ನು ಹಣ ಕೊಟ್ಟು ಕೊಳ್ಳುವ ತಿನಿಸಿಗೆ ಬಳಸಿದರೆ ಪದದ ತೂಕ ಕಡಿಮೆಯಾಗುತ್ತದೆಯೇ ಎಂಬ ಅಳುಕು ನನಗಿದೆ. ಆದ್ದರಿಂದ ಬರಿಯ ‘ತುತ್ತು’ ಸಾಕೇ ಎಂದು ಕೇಳುತ್ತಿದ್ದೇನೆ.

ಎರಡನೆಯ ಪ್ರಶ್ನೆ ‘ಶರಿ’ಯದು. ಸುಶಿ ಅಂಗಡಿಯವರು ಹುಳಿ ಬೆರೆಸಿದ ಅನ್ನಕ್ಕೆ ‘ಶರಿ’ ಎನ್ನುತ್ತಾರೆ. ಯುದ್ಧಕಾಲದ ಅಭಾವದ ದಿನಗಳಲ್ಲಿ ಬೆಳ್ಳಗಿನ ಅನ್ನಕ್ಕೆ ‘ಗಿನ್‌ಶರಿ’, ಅಂದರೆ ‘ಬೆಳ್ಳಿ ಶರಿ’ ಎಂಬ ಮಾತೂ ಇತ್ತು. ಬುದ್ಧನ ಅಸ್ಥಿಧಾತುಗಳನ್ನು ಸೂಚಿಸುವ ಸಂಸ್ಕೃತದ ‘ಶರೀರ’ವೇ ಚೀನಾದ ಮೂಲಕ ಜಪಾನಿಗೆ ಬಂದು ‘ಶರಿ’ಯಾಯಿತೆಂದೂ, ಆ ಧಾತುಗಳು ಸಣ್ಣಗೆ ಬೆಳ್ಳಗೆ ಅಕ್ಕಿಯ ಕಾಳಿನಂತೆ ಕಾಣುವುದರಿಂದ ಅನ್ನಕ್ಕೆ ಆ ಹೆಸರು ಸಂದಿತೆಂದೂ ಸಾಮಾನ್ಯ ವಿವರಣೆ. ಆದರೆ ಭತ್ತ, ಅಕ್ಕಿ ಎಂಬ ಅರ್ಥದ ಸಂಸ್ಕೃತದ ‘ಶಾಲಿ’ಯೂ ಇದರೊಡನೆ ಬೆರೆತಿದೆ ಎನ್ನುವವರಿದ್ದಾರೆ. ಜಪಾನಿಯಲ್ಲಿ ರ, ಲ ಎಂಬ ಭೇದವಿಲ್ಲದಿರುವುದರಿಂದ ಆ ಬೆರಕೆ ಅಸಾಧ್ಯವಲ್ಲ. ‘ಶಾಲಿ’, ‘ಶಾಲ್ಯನ್ನ’ ಎಂಬ ಪದಗಳು ಹಳೆಯ ಕಾವ್ಯಗಳನ್ನು ಓದುವ ನಮಗೆ ಅಪರಿಚಿತವಲ್ಲ. ನಾನು ತಿಳಿಯಬಯಸುವುದು ಇಷ್ಟು: ನಿಮ್ಮ ಯಾವುದಾದರೂ ಊರಿನ ಆಡುಮಾತಿನಲ್ಲಿ, ಪೂಜೆಯ ಅಥವಾ ಹಬ್ಬದ ಸಂದರ್ಭದಲ್ಲಾದರೂ, ‘ಶಾಲಿ’ ಅಥವಾ ಅದರ ತದ್ಭವ ಇನ್ನೂ ಬಳಕೆಯಲ್ಲಿದೆಯೇ? ಬೆಂದ ಅನ್ನದ ಒಂದು ಕಾಳಿಗೆಂದೇ ‘ಅಗುಳು’ ಎಂಬ ಪದವನ್ನು ಇಟ್ಟುಕೊಂಡಿರುವ ಭಾಷೆ ನಮ್ಮದು, ಅನ್ನದ ವಿಷಯದಲ್ಲಿ ಇನ್ನೂ ಏನೇನು ಉಳಿಸಿಕೊಂಡಿದೆಯೋ ಎಂಬ ಆಸೆಯಿಂದ ಕೇಳುತ್ತಿದ್ದೇನೆ.

ವಿನೆಗರಿನಲ್ಲಿ ನೆನೆಸಿದ ಶುಂಠಿಯ ತೆಳು ಬಿಲ್ಲೆಗಳಿಗೆ ಅಂಗಡಿಯಲ್ಲಿ ‘ಗರಿ’ ಎನ್ನುತ್ತಾರೆ. ಕಚ್ಚಿದಾಗ ಆಗುವ ‘ಗರಿ ಗರಿ’ ಎಂಬ ಸದ್ದೇ ಅದಕ್ಕೆ ಮೂಲವಂತೆ. ನಮ್ಮ ಗರಿಗರಿ ದೋಸೆ, ಗರಿಗರಿ ಹಪ್ಪಳಗಳನ್ನು ಬಲ್ಲವರಿಗೆ ಇದು ಸಂತೋಷದ ಕಾಕತಾಳೀಯ. ಆದರೆ ನಮ್ಮ ಗರಿಗರಿಯಲ್ಲಿ ತೇವವಿರುವುದಿಲ್ಲ. ನೀರಿನಂಶವಿರುವ ಹಸಿಶುಂಠಿಗೆ ನಾವು ಆ ಮಾತನ್ನು ಹೇಳಲಾರೆವು. ಏನು ಬಡಿಸಬೇಕೆಂಬುದನ್ನು ಅಂಗಡಿಯವರಿಗೇ ಬಿಡುವ ‘ಒಮಕಾಸೆ’ಗೆ ಮಾತ್ರ ಹುಡುಕಾಟವೇ ಬೇಡ, ‘ನಿಮಗೇ ಬಿಟ್ಟದ್ದು’ ಎಂಬ ನಮ್ಮ ಮಾತು ಅದಕ್ಕೆ ಸರಿಯಾಗಿ ಹೊಂದುತ್ತದೆ.

ಕೊನೆಯದಾಗಿ ಬರವಣಿಗೆಯ ಒಂದು ತೊಡಕು. ‘ನಿಗಿರಿ’ ಮತ್ತು ‘ಸುಶಿ’ ಸಮಾಸವಾದಾಗ ‘ನಿಗಿರಿಜುಶಿ’ ಆಗುತ್ತದೆ. ಸೀಳುವುದು ಎಂಬರ್ಥದ ‘ವರಿ’ ಮತ್ತು ಊಟದ ಕಡ್ಡಿ ಎಂಬರ್ಥದ ‘ಹಶಿ’ ಸೇರಿ, ಸೀಳಿ ಬಳಸುವ ಕಡ್ಡಿಗಳಿಗೆ ‘ವರಿಬಶಿ’ ಎಂಬ ಹೆಸರಾಗುತ್ತದೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ, ಕಣ್ ಮತ್ತು ಪನಿ ಸೇರಿ ಕಂಬನಿ ಎಂದು ಹೇಳಿಕೊಂಡು ಬೆಳೆದ ನಮಗೆ ಈ ಆದೇಶ ಮನೆಯ ಮಾತಿನಂತೆಯೇ ಕೇಳಿಸುತ್ತದೆ. ಅಷ್ಟೇ ಅಲ್ಲ, ಜಪಾನಿಯ ಆ ಹಕಾರವೂ ಹಿಂದೆ ಪಕಾರವೇ ಆಗಿತ್ತು, ನಮ್ಮ ‘ಪುಳಿ’ ‘ಹುಳಿ’ಯಾದಂತೆ. ಇಂಥ ಸಮಸ್ತಪದಗಳನ್ನು ಕನ್ನಡದಲ್ಲಿ ಬರೆಯುವಾಗ ಆದೇಶವಾದ ರೂಪವನ್ನೇ ಉಳಿಸಬೇಕೆಂದು ನನಗನ್ನಿಸುತ್ತದೆ. ಆದರೆ ‘ನಿಗಿರಿಜುಶಿ’ಯಲ್ಲಿರುವ, ಇಂಗ್ಲಿಷಿನ z ಅನ್ನು ಹೋಲುವ ಧ್ವನಿಗೆ ಬರಿಯ ಜಕಾರ ಸಾಕೇ, ಕೆಳಗೆ ಚುಕ್ಕಿ ಇಡಬೇಕೇ?

ತಾಯಿಯವರು ಮರಳಿ ಊರು ಸೇರಿ, ತಮ್ಮ ತಂಗಿಯರಿಗೆ ಈ ಊಟದ ಬಗ್ಗೆ ಹೇಳುವಾಗ ‘ತುತ್ತು’ ಎಂಬ ಪದವನ್ನೇ ಬಳಸುತ್ತಿದ್ದಾರೆ. ನಿಮ್ಮ ಊರಿನಲ್ಲಿ, ಬೇರೆಯವರ ಕೈ ಕಟ್ಟಿಕೊಡುವ ಒಂದು ಬಾಯಿಯಷ್ಟು ಅನ್ನಕ್ಕೆ ಬೇರೆ ಹೆಸರಿದ್ದರೆ ದಯವಿಟ್ಟು ಊರಿನ ಹೆಸರಿನೊಡನೆ ತಿಳಿಸಿ.