ಮನೆ ಕಾರಿಗೆ ಕಡಿಮೆ ಖರ್ಚಿನ ಟೈರ್: ಎರಡು ಹಾಕಿಸಿದರೆ ಸಾಕಾ?

ಪ್ರಶ್ನೆ:
ನಮ್ಮ ಕಾರಿನ ಟೈರ್‌ಗಳು ಸವೆದಿವೆ. ಮಕ್ಕಳನ್ನು ಕೂರಿಸಿಕೊಂಡು ಓಡಾಡುವ ಗಾಡಿ, ಮಳೆಯಲ್ಲಿ ಬ್ರೇಕ್ ಹಾಕಿದರೆ ಜಾರಿದ ಹಾಗಾಗುತ್ತದೆ, ಭಯ ಆಗುತ್ತಿದೆ. ಸೈಜ್ 185/65 ಆರ್15. ಒಟ್ಟಿಗೆ ನಾಲ್ಕು ತಗೊಳ್ಳುವಷ್ಟು ದುಡ್ಡಿಲ್ಲ. ಸೆಕೆಂಡ್ ಹ್ಯಾಂಡ್ ಆಗುತ್ತಾ?

ಉತ್ತರ:
ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ. ಒಳಗೆ ಏಟು ಬಿದ್ದಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಒಳ್ಳೆ ಕಂಪನಿಯ ಸಾದಾ ಟೈರೇ ಸಾಕು, ಆದರೆ ಲೋಡ್ ನಂಬರ್ (ಟೈರ್ ಎಷ್ಟು ಭಾರ ಹೊರುತ್ತದೆ ಅನ್ನುವ ಸಂಖ್ಯೆ) ಕಾರಿಗೆ ಹೇಳಿರುವುದಕ್ಕಿಂತ ಕಡಿಮೆ ಇರಬಾರದು, 88 ಅಂದರೆ ಒಂದು ಟೈರಿಗೆ 560 ಕೆಜಿ. ತಯಾರಾದ ದಿನವನ್ನೂ ನೋಡಿ. ಟೈರಿನ ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗುವ ಸಾಲಿನ ಕೊನೆಗೆ 2324 ಅಂತಿದ್ದರೆ 2024ರ 23ನೇ ವಾರದ್ದು.

ಇನ್ನೊಂದು ಉತ್ತರ:
ಎರಡೇ ಆದರೆ ಹೊಸದನ್ನು ಹಿಂದಕ್ಕೆ ಹಾಕಿಸಿ. ಎಲ್ಲರೂ ಮುಂದಕ್ಕೆ ಅಂತಾರೆ, ಆದರೆ ನೀರಿನಲ್ಲಿ ಹಿಂದಿನ ಚಕ್ರ ಹಿಡಿತ ಬಿಟ್ಟರೆ ಗಾಡಿ ಗಿರಕಿ ಹೊಡೆಯುತ್ತದೆ, ಸ್ಟೇರಿಂಗ್ ತಿರುಗಿಸಿ ಸರಿಮಾಡುವುದು ತುಂಬಾ ಕಷ್ಟ. ಉಳಿಸಿಕೊಳ್ಳುವ ಟೈರಿನ ಗೀರುಗಳ ಆಳ 1.6 ಮಿ.ಮೀ. ಹತ್ತಿರ ಬಂದಿದ್ದರೆ ಮಾತ್ರ ನಾಲ್ಕೂ ಬದಲಿಸಲೇಬೇಕು.

ಪ್ರಶ್ನೆ ಕೇಳಿದವರು:
ಈಗ ಅಳೆದು ನೋಡಿದೆ. ಹಿಂದಿನವು 4 ಮಿ.ಮೀ. ಇವೆ. ಮುಂದಿನವು ಒಳ ಅಂಚಿನಲ್ಲಿ ಬೋಳಾಗಿವೆ.

ಉತ್ತರ:
ಹಾಗಾದರೆ ಅಲೈನ್‌ಮೆಂಟ್ ತಪ್ಪಿರಬೇಕು, ಅಂದರೆ ಚಕ್ರಗಳ ಕೋನ ಸರಿಯಿಲ್ಲ. ಅದನ್ನು ಸರಿಮಾಡಿಸದೆ ಹೊಸ ಟೈರ್ ಹಾಕಿದರೆ ದುಡ್ಡು ಸುಮ್ನೆ ಹಾಳು. ಹಿಂದಿನವನ್ನು ಮುಂದಕ್ಕೆ ತನ್ನಿ, ಎರಡು ಹೊಸದು ಸಾಕು.