‘ಪ್ರತಿಕೂಲ ಆಯ್ಕೆ’ಗೆ ಬೇರೆ ಮಾತು ಇದೆಯಾ?

ಎಲ್ಲರಿಗೂ ನಮಸ್ಕಾರ.

ಅರ್ಥಶಾಸ್ತ್ರದ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ದಿನದಿಂದ ಒಂದೇ ಪದದ ಹತ್ತಿರ ಗಾಡಿ ನಿಂತಿದೆ: ಅಡ್ವರ್ಸ್ ಸೆಲೆಕ್ಷನ್. ‘ಪ್ರತಿಕೂಲ ಆಯ್ಕೆ’ ಅಂತ ಹಾಕಿ ಮುಂದೆ ಹೋಗಬಹುದು, ಆದರೆ ಮನಸ್ಸು ಒಪ್ಪುತ್ತಿಲ್ಲ.

ಬರಹ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ, ರಿಚರ್ಡ್ ಹಾರ್ನ್‌ಬೆಕ್ ಮೂವರದು. 2014ರಲ್ಲಿ ಬಂತು. ಮೊದಲಿಬ್ಬರಿಗೆ 2019ರಲ್ಲಿ ನೊಬೆಲ್ ಬಂದದ್ದು ಗೊತ್ತೇ ಇದೆ. ವಿಷಯ ನಮ್ಮ ಕರ್ನಾಟಕದ ಹಳ್ಳಿಗಳದ್ದು. ಒಂದು ಮೈಕ್ರೋ ಫೈನಾನ್ಸ್ ಸಂಸ್ಥೆ, ಮತ್ತೆ ಸಾಲ ಬೇಕಾದರೆ ಆರೋಗ್ಯ ವಿಮೆಯನ್ನೂ ಮಾಡಿಸಲೇಬೇಕು ಅಂತ ಕೆಲವು ಹಳ್ಳಿಗಳಲ್ಲಿ ನಿಯಮ ತಂದಿತು. ಉಳಿದ ಹಳ್ಳಿಗಳಲ್ಲಿ ಬರೀ ಸಾಲ. ಕಡ್ಡಾಯ ಯಾಕೆ ಅಂದರೆ, ಬೇಕಾದವರು ಮಾಡಿಸಿ ಅಂತ ಬಿಟ್ಟರೆ ಕಾಯಿಲೆ ಇರುವವರು, ಆಪರೇಷನ್ ಹತ್ತಿರ ಬಂದವರು ಮಾತ್ರ ಮುಂದೆ ಬರುತ್ತಾರೆ. ಗಟ್ಟಿಮುಟ್ಟಾಗಿರುವವರು ದೂರ ಉಳಿಯುತ್ತಾರೆ. ಆಗ ವಿಮೆಗೆ ಬಂದ ಪ್ರೀಮಿಯಂ ದುಡ್ಡು ಚಿಕಿತ್ಸೆಯ ಖರ್ಚಿಗೆ ಸಾಲುವುದಿಲ್ಲ. ಈ ಭಯಕ್ಕೇ ಆ ಇಂಗ್ಲಿಷ್ ಹೆಸರು.

ಆದದ್ದೇ ಬೇರೆ. ವಿಮೆ ಕಡ್ಡಾಯವಾದ ಹಳ್ಳಿಗಳಲ್ಲಿ ಮತ್ತೆ ಸಾಲ ತೆಗೆದುಕೊಳ್ಳುವವರು ನೂರಕ್ಕೆ 16 ಮಂದಿಯಷ್ಟು ಕಡಿಮೆಯಾದರು. ವಿಮೆ ಬೇಡ ಅಂತ ಸಾಲವನ್ನೇ ಬಿಟ್ಟರು! ಕಾಯಿಲೆಯವರೂ ಬಿಟ್ಟರು, ಆರೋಗ್ಯವಂತರೂ ಬಿಟ್ಟರು. ಹಾಗಾಗಿ ಬರಹದ ತಲೆಬರಹವೇ ಒಂಥರಾ ಚೇಷ್ಟೆಯದ್ದು: ಬೇಕು ಅನ್ನುವವರೇ ಇಲ್ಲದ ಮೇಲೆ ‘ಅದು’ ಎಲ್ಲಿಂದ ಬರಬೇಕು ಅಂತ. ಆ ‘ಅದು’, ಅಂದರೆ ಅಡ್ವರ್ಸ್ ಸೆಲೆಕ್ಷನ್, ಓದಿದ ಕೂಡಲೇ ಹೊಳೆಯದಿದ್ದರೆ ತಮಾಷೆ ಅಲ್ಲೇ ಸತ್ತುಹೋಗುತ್ತದೆ.

ಹನ್ನೆರಡು ವರ್ಷದಿಂದ ಸ್ವಸಹಾಯ ಸಂಘದಲ್ಲಿರುವ ನಮ್ಮ ಚಿಕ್ಕಮ್ಮನಿಗೆ ಓದಿ ಹೇಳಿದೆ. “ಪ್ರತಿಕೂಲ ಆಯ್ಕೆ ಅಂದ್ರೆ ಏನೋ, ನಾವು ವೋಟು ಹಾಕದೇ ಇರೋನು ಗೆಲ್ಲೋದಾ?” ಅಂದರು. ನಕ್ಕೆ, ಆದರೆ ತಪ್ಪು ಅವರದಲ್ಲ. ‘ಆಯ್ಕೆ’ ಅಂದರೆ ಯಾರೋ ಕೂತು ಆರಿಸುತ್ತಿದ್ದಾರೆ ಅನ್ನಿಸುತ್ತದೆ. ಇಲ್ಲಿ ಕಂಪನಿ ಯಾರನ್ನೂ ಆರಿಸುತ್ತಿಲ್ಲ. ಜನ ತಾವಾಗಿಯೇ ಸೇರುತ್ತಿದ್ದಾರೆ ಅಥವಾ ಬಿಡುತ್ತಿದ್ದಾರೆ. ಇನ್ನು ‘ಪ್ರತಿಕೂಲ’ ಯಾರಿಗೆ ಅನ್ನುವುದೂ ಗೊತ್ತಾಗುವುದಿಲ್ಲ.

ಕಾಳು ಹೋಗಿ ಜಳ್ಳು ಉಳಿಯಿತು ಅನ್ನೋಣ ಅಂದುಕೊಂಡೆ. ಕಾಯಿಲೆ ಬಿದ್ದವರನ್ನು ಜಳ್ಳು ಅನ್ನೋದು ಸರಿಯಲ್ಲ, ಕೈಬಿಟ್ಟೆ. ಈಗ ಮನಸ್ಸಿನಲ್ಲಿರುವುದು ‘ವಾರೆ ಸೇರ್ಪಡೆ’. ಭಾರ ಒಂದೇ ಕಡೆ ಬಿದ್ದರೆ ಗಾಡಿ ವಾರೆಯಾಗುತ್ತದಲ್ಲ, ಹಾಗೆ. ತಲೆಬರಹ ಆಗ ಹೀಗಾಗುತ್ತದೆ: ‘ಸೇರುವವರೇ ಇಲ್ಲ, ವಾರೆ ಸೇರ್ಪಡೆ ಎಲ್ಲಿಂದ?’ ಕಿವಿಗೆ ಪರವಾಗಿಲ್ಲ ಅನ್ನಿಸುತ್ತೆ, ಅಲ್ವಾ?

ಇದೇ ನೆಪದಲ್ಲಿ ‘ಕಟ್ಟು’ ಅನ್ನುವ ಕ್ರಿಯಾಪದದ ಕಡೆಗೂ ಗಮನ ಹೋಯಿತು. ಸಾಲದ ಕಂತನ್ನೂ ಕಟ್ಟುತ್ತೇವೆ, ವಿಮೆಯ ಪ್ರೀಮಿಯಮ್ಮನ್ನೂ ಕಟ್ಟುತ್ತೇವೆ. ಮಾತು ಒಂದೇ. ಆದರೆ ಕಂತು ಕಟ್ಟುವವರ ಕೈಗೆ ದುಡ್ಡು ಮೊದಲೇ ಬಂದಿರುತ್ತದೆ. ಪ್ರೀಮಿಯಂ ಕಟ್ಟುವವರ ಕೈಗೆ ಏನೂ ಬಂದಿರುವುದಿಲ್ಲ, ಕಾಯಿಲೆ ಬರದಿದ್ದರೆ ಬರುವುದೂ ಇಲ್ಲ. ಈ ಹಳ್ಳಿಗಳಲ್ಲಂತೂ ವಿಮೆ ಬಳಸಲು ಬೇಕಾದ ಕಾಗದಪತ್ರವೇ ಎಷ್ಟೋ ಜನರ ಕೈ ಸೇರಲಿಲ್ಲ. “ಕಟ್ಟಿದ್ದು ವಾಪಸ್ ಬರುತ್ತಾ?” ಅಂತ ಚಿಕ್ಕಮ್ಮ ಕೇಳಿದ್ದು ಇದಕ್ಕೇ. ಅವರ ಮಟ್ಟಿಗೆ ಇನ್ಶೂರೆನ್ಸ್ ಅಂದರೆ ಎಲ್‌ಐಸಿ, ಕಟ್ಟಿದರೆ ಒಂದು ದಿನ ಗಂಟಾಗಿ ಬರಬೇಕು. ಪ್ರೀಮಿಯಂ ಕೊಡುವುದಕ್ಕೆ ಬೇರೆ ಕ್ರಿಯಾಪದ ಬೇಕು ಅಂತ ನಾನೇನೂ ಹೇಳುತ್ತಿಲ್ಲ. ಅನುವಾದದಲ್ಲಿ ಎರಡೂ ‘ಕಟ್ಟು’ ಒಟ್ಟಿಗೆ ಬಂದ ಕಡೆ ಗೊಂದಲ ಆಗುತ್ತಿದೆ, ಅಷ್ಟೇ.

‘ಮೈಕ್ರೋ ಫೈನಾನ್ಸ್’ ಬಗ್ಗೆ ನನಗೆ ತಕರಾರಿಲ್ಲ. ‘ಸೂಕ್ಷ್ಮ ಹಣಕಾಸು’ ಅಂದರೆ ಭೂತಗನ್ನಡಿ ಹಿಡಿದು ನೋಡಬೇಕೇನೋ ಅನ್ನಿಸುತ್ತದೆ. ‘ಕಿರುಸಾಲ’ ಚೆನ್ನಾಗಿದೆ. ಆದರೆ ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ ತಂದ 2025ರ ಸುಗ್ರೀವಾಜ್ಞೆಯ ಗಲಾಟೆಯಲ್ಲಿ ಎಲ್ಲರ ಬಾಯಲ್ಲೂ ಮೈಕ್ರೋ ಫೈನಾನ್ಸ್ ಅಂತಲೇ ಇತ್ತು. ಅದನ್ನೇ ಇಟ್ಟಿದ್ದೇನೆ.

ಜಾಸ್ತಿ ಕಾಡುತ್ತಿರುವ ಇನ್ನೊಂದು, ಮಾರಲ್ ಹಜಾರ್ಡ್. ‘ನೈತಿಕ ಅಪಾಯ’ ಅಂದರೆ ಯಾರೋ ದಾರಿ ತಪ್ಪಿದರು ಅನ್ನೋ ಹಾಗಿದೆ. ಖರ್ಚನ್ನು ವಿಮೆ ನೋಡಿಕೊಳ್ಳುತ್ತದೆ ಅಂತ ಜನ ನಡೆದುಕೊಳ್ಳುವ ರೀತಿ ಬದಲಾಗುವುದು ಅಂತ ಅದರ ಅರ್ಥ. ನಮ್ಮಲ್ಲಿ ‘ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ’ ಅಂತ ಗಾದೆ ಇದೆ, ಹತ್ತಿರ ಹತ್ತಿರ ಅದೇ. ಆದರೆ ಗಾದೆಯಲ್ಲಿ ಬೈಗುಳ ಇದೆ. ವರ್ಷಗಟ್ಟಲೆ ಮಂಡಿನೋವು ತಡೆದುಕೊಂಡವರು ವಿಮೆ ಸಿಕ್ಕ ಮೇಲೆ ಆಸ್ಪತ್ರೆಗೆ ಹೋದರೂ ಲೆಕ್ಕದಲ್ಲಿ ಅದು ಮಾರಲ್ ಹಜಾರ್ಡೇ. ಅವರಿಗೆ ಎಲ್ಲಮ್ಮನ ಜಾತ್ರೆ ಅನ್ನಲು ನನ್ನ ಬಾಯಿ ಬರುವುದಿಲ್ಲ. ಸದ್ಯಕ್ಕೆ ‘ವಿಮೆಯ ಧೈರ್ಯ’ ಅಂತ ಬರೆದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿಟ್ಟಿದ್ದೇನೆ.

‘ವಾರೆ’ ಎಲ್ಲ ಕಡೆಯವರಿಗೂ ಸುಲಭವಾಗಿ ತಿಳಿಯುತ್ತದಾ? ಬೀದರ್, ಕಲಬುರಗಿ ಕಡೆಯವರು ‘ಓರೆ’ ಅನ್ನುತ್ತೀರಾ, ಇಲ್ಲಾ ಬೇರೆಯೇ ಮಾತಿದೆಯಾ? ‘ವಿಮೆಯ ಧೈರ್ಯ’ಕ್ಕಿಂತ ಒಳ್ಳೆಯದು ಹೊಳೆದರೆ ಅದನ್ನೂ ತಿಳಿಸಿ.