‘ಹೀಟ್ ಐಲ್ಯಾಂಡ್’ ಅನ್ನುವುದಕ್ಕೆ ‘ಕಾವು’ ಹೊಂದುತ್ತದೆಯೇ?

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಶಾಲೆಯೊಂದರ ಏಳನೇ ತರಗತಿ ಮಕ್ಕಳಿಗಾಗಿ ಬೆಂಗಳೂರಿನ ಬೇಸಿಗೆ ಬಗ್ಗೆ ಒಂದು ಗೋಡೆಪತ್ರಿಕೆ ಬರೆಯುತ್ತಿದ್ದೇನೆ. ‘ಅರ್ಬನ್ ಹೀಟ್ ಐಲ್ಯಾಂಡ್’, ಅಂದರೆ ಸುತ್ತಲ ಹಳ್ಳಿಗಳಿಗಿಂತ ನಗರ ಹೆಚ್ಚು ಬಿಸಿಯಾಗಿರುವುದು, ಅನ್ನುವಲ್ಲಿಗೆ ಬಂದು ನಿಂತುಬಿಟ್ಟಿದ್ದೇನೆ. ಪತ್ರಿಕೆಗಳಲ್ಲಿ ‘ಶಾಖ ದ್ವೀಪ’, ‘ಉಷ್ಣ ದ್ವೀಪ’ ಎರಡೂ ಕಾಣುತ್ತವೆ. ಎರಡಕ್ಕೂ ನನ್ನ ಮನಸ್ಸು ಒಪ್ಪುತ್ತಿಲ್ಲ.

ವಿಷಯ ಇಷ್ಟು. ಡಾಂಬರು, ಕಾಂಕ್ರೀಟು ಹಗಲೆಲ್ಲ ಬಿಸಿಲು ಹೀರುತ್ತವೆ, ಕತ್ತಲಾದ ಮೇಲೆ ನಿಧಾನಕ್ಕೆ ಬಿಡುತ್ತವೆ. ಮರ, ಕೆರೆ, ಹಸಿ ಮಣ್ಣು ಇದ್ದರೆ ನೀರು ಆವಿಯಾಗುತ್ತಾ ಸುತ್ತಲಿನ ಬಿಸಿಯನ್ನು ತಗ್ಗಿಸುತ್ತದೆ. ಆದರೆ ಧರ್ಮಾಂಬುಧಿ ಕೆರೆ ಇದ್ದ ಕಡೆ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆ ಇದ್ದ ಕಡೆ ಕಂಠೀರವ ಕ್ರೀಡಾಂಗಣ. ಬೆಂಗಳೂರಿನ ಬಿಸಿಲು ಅಂದರೆ ಎಲ್ಲರೂ 2016ರ ಏಪ್ರಿಲ್‌ನ 39.2 ಡಿಗ್ರಿಯನ್ನು ನೆನೆಯುತ್ತಾರೆ. ಅದು ಮಧ್ಯಾಹ್ನದ ಲೆಕ್ಕ. ಊರಿಗೂ ಸುತ್ತಲ ಹಳ್ಳಿಗೂ ಇರುವ ವ್ಯತ್ಯಾಸ ಚೆನ್ನಾಗಿ ಗೊತ್ತಾಗುವುದು ರಾತ್ರಿ. ನಮ್ಮ ಪದ ಆ ರಾತ್ರಿಯನ್ನು ಹೇಳಬೇಕು.

‘ಉಷ್ಣ’ ಅಂದರೆ ನಮ್ಮ ಮನೆಗಳಲ್ಲಿ ಮೈಗೆ ಆಗುವುದು. ಪರಂಗಿಹಣ್ಣು ಉಷ್ಣ, ಮಜ್ಜಿಗೆ ತಂಪು ಅನ್ನುತ್ತೇವೆ. ‘ಶಾಖ’ ಉಳುಕಿದ ಕಾಲಿಗೆ ಕೊಡುವುದು, ಅದರಲ್ಲಿ ಹಿತ ಇದೆ. ‘ಝಳ’ ಮುಖಕ್ಕೆ ಹೊಡೆಯುತ್ತದೆ, ನೆರಳಿಗೆ ಹೋದರೆ ಕಮ್ಮಿಯಾಗುತ್ತದೆ. ‘ಧಗೆ’, ‘ಸೆಕೆ’ ಹತ್ತಿರ ಬರುತ್ತವೆ. ಆದರೆ ಅವು ನಮಗಾಗುವ ಸಂಕಟದ ಹೆಸರು, ಗೋಡೆಯೊಳಗೆ ಕೂತಿರುವ ಬಿಸಿಯ ಹೆಸರಲ್ಲ.

ಉಳಿದದ್ದು ‘ಕಾವು’. ಈ ಪದ ನನಗೆ ಹೊಳೆದದ್ದು ನಿಘಂಟು ನೋಡಿ ಅಲ್ಲ. ಬೇಸಿಗೆಯ ಒಂದು ರಾತ್ರಿ ಕರೆಂಟ್ ಹೋಗಿತ್ತು, ತಾರಸಿಗೆ ಹೋದೆ. ಪಕ್ಕದ ಮನೆ ಅಜ್ಜಿ ಚಾಪೆ ಹಾಸಲು ಬಂದವರು ನೆಲಕ್ಕೆ ಅಂಗೈ ಇಟ್ಟು ತಕ್ಷಣ ತೆಗೆದರು. ಎರಡು ಬಿಂದಿಗೆ ನೀರು ಸುರಿದರು. ಬಿಸಿ ಸಿಮೆಂಟಿನ ವಾಸನೆ ಎದ್ದಿತು. ನೋಡನೋಡುತ್ತಿದ್ದಂತೆ ನೆಲ ಅಂಚಿನಿಂದ ಒಣಗುತ್ತಾ ಬಂತು. “ಹಗಲು ಕುಡಿದ ಬಿಸಿಲನ್ನೆಲ್ಲ ಈಗ ಕಕ್ತಾ ಇದೆ ಕಣಪ್ಪ. ಕಾವು ಇಳಿಯೋದು ಬೆಳಗಿನ ಜಾವಕ್ಕೇ” ಅಂದರು. ನಾನು ಅರ್ಧ ಪುಟದಲ್ಲಿ ಬರೆದು ಹೊಡೆದುಹಾಕಿದ್ದ ವಿವರಣೆಯೆಲ್ಲ ಆ ಎರಡು ಮಾತಲ್ಲಿತ್ತು!

ಒಲೆ ಆರಿದ ಮೇಲೂ ಹೆಂಚಿನಲ್ಲಿ ಉಳಿಯುವುದು ಕಾವು. ಕೋಳಿ 21 ದಿನ ಹಗಲು ರಾತ್ರಿ ಮೊಟ್ಟೆಗೆ ಕೊಡುವುದೂ ಕಾವೇ. ಒಳಗೆ ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಡುವ ಬಿಸಿ ಅನ್ನುವ ಅರ್ಥ ಇದರಲ್ಲಿ ಮೊದಲಿನಿಂದಲೂ ಇದೆ, ಅಲ್ವಾ?

ಇನ್ನು ‘ದ್ವೀಪ’. ಭೂಪಟದಲ್ಲಿ ಒಂದೇ ತಾಪಮಾನದ ಜಾಗಗಳನ್ನು ಗೆರೆ ಎಳೆದು ಸೇರಿಸಿದರೆ ಊರು ನಡುಗಡ್ಡೆಯ ಹಾಗೆ ಎದ್ದು ಕಾಣುತ್ತದೆ, ಅದಕ್ಕೇ ಆ ಹೆಸರು. ಆದರೆ ಈ ಚಿತ್ರ ಆಮೇಲೆ ಬಂದದ್ದು. ಲಂಡನ್ನಿನ ರಾತ್ರಿಗಳು ಸುತ್ತಲ ಹಳ್ಳಿಗಿಂತ ಬೆಚ್ಚಗಿರುತ್ತವೆ ಎಂದು ಅಲ್ಲಿನ ಹವಾಮಾನ ಅಧ್ಯಯನ ಮಾಡುತ್ತಿದ್ದ ಲೂಕ್ ಹೊವಾರ್ಡ್ 19ನೇ ಶತಮಾನದ ಆರಂಭದಲ್ಲೇ ಅಳೆದು ತೋರಿಸಿದ್ದರು. ಮೋಡಗಳಿಗೆ ಇವತ್ತಿನ ಹೆಸರುಗಳನ್ನು ಕೊಟ್ಟವರೂ ಅವರೇ. ‘ದ್ವೀಪ’ದ ಮಾತು ಬಳಕೆಗೆ ಬಂದದ್ದು 20ನೇ ಶತಮಾನದಲ್ಲಿ. ನಮ್ಮ ಮಕ್ಕಳಿಗೆ ದ್ವೀಪ ಅಂದರೆ ಸುತ್ತ ನೀರು, ತಂಪು ಗಾಳಿ. ಹಾಗೆ ನೋಡಿದರೆ ಬೆಂಗಳೂರಿನಲ್ಲಿ ದ್ವೀಪ ಅನ್ನಿಸಿಕೊಳ್ಳಬೇಕಾದದ್ದು 240 ಎಕರೆಯ ಲಾಲ್‌ಬಾಗ್. ಗೇಟು ದಾಟಿ ಒಳಗೆ ಹತ್ತು ಹೆಜ್ಜೆ ಇಟ್ಟರೆ ಮೈಗೇ ಗೊತ್ತಾಗುತ್ತದೆ.

ಸದ್ಯಕ್ಕೆ ನಾನು ‘ಊರ ಕಾವು’ ಎಂದು ಬರೆದುಕೊಂಡಿದ್ದೇನೆ. ‘ಉಳಿಗಾವು’ ಅಂತಲೂ ಒಂದು ಹೊಳೆದಿದೆ, ಉಳಿದ ಕಾವು ಅನ್ನುವ ಅರ್ಥದಲ್ಲಿ. ಬಾಯಿಗೆ ಬರುತ್ತದೆಯೇ, ಸುಮ್ನೆ ಕಟ್ಟಿದ ಪದದ ಹಾಗೆ ಕೇಳುತ್ತದೆಯೇ, ನೀವು ಹೇಳಬೇಕು. ಇನ್ನೊಂದು ಕೋರಿಕೆ. ಇಟ್ಟಿಗೆ ಗೂಡು, ಬೇಕರಿ ಭಟ್ಟಿ, ಕುಲುಮೆ, ಇಂಥ ಕಡೆ ಕೆಲಸ ಮಾಡುವವರು ಬೆಂಕಿ ಆರಿದ ಮೇಲೆ ಉಳಿಯುವ ಬಿಸಿಗೆ ಏನನ್ನುತ್ತಾರೆ? ಕಲಬುರಗಿ, ರಾಯಚೂರು ಕಡೆಯವರು ಇದನ್ನು ನಮಗಿಂತ ಜಾಸ್ತಿ ಬಲ್ಲವರು. ರಾತ್ರಿ ಮಾಳಿಗೆ ಮೇಲೆ ಮಲಗುವಾಗ ಆ ಬಿಸಿಯನ್ನು ನಿಮ್ಮ ಮನೆಯಲ್ಲಿ ಹಿರಿಯರು ಏನೆಂದು ಕರೆಯುತ್ತಿದ್ದರು? ಅವರ ಬಾಯಿಮಾತಿನಲ್ಲಿ ಹೇಗಿದೆಯೋ ಹಾಗೇ ಬರೆಯಿರಿ, ತಿದ್ದಬೇಡಿ.